ಮೊತ್ತ ನೀವೇ ಕೂಡಿಸಿ ನೋಡಿ: ಹೊಸ ಎ.ಪಿ.ಪಿ.ಗಳಿಗೆ ಒಂದು ಬಹಿರಂಗ ಪತ್ರ

ನೇಮಕದ ಆದೇಶ ಕೈಗೆ ಬಂದು, ತಾಲ್ಲೂಕು ಕೋರ್ಟುಗಳಿಗೆ ಹೊರಟು ನಿಂತಿರುವ ಸಹಾಯಕ ಸರ್ಕಾರಿ ಅಭಿಯೋಜಕರಿಗೆ,



ನೀವು ಹೋಗಿ ಕೂರಲಿರುವ ಕೋಣೆ ಹೇಗಿರುತ್ತದೆಂದು ನಾನು ನೋಡದೆಯೇ ಹೇಳಬಲ್ಲೆ. ಕೋರ್ಟ್ ಕಟ್ಟಡದ ಒಂದು ಮೂಲೆ. ಬಾಗಿಲು ಪೂರ್ತಿ ಮುಚ್ಚದ ಕಬ್ಬಿಣದ ಬೀರು, ದಾರ ಕಟ್ಟಿದ ಚಾರ್ಜ್‌ಶೀಟುಗಳ ರಾಶಿ, ಒಂದೇ ಮೇಜಿಗೆ ಎದುರುಬದುರು ಇಬ್ಬರು. ಬೆಳಿಗ್ಗೆ ಕೋರ್ಟ್ ಪಿ.ಸಿ. ಬಂದು ಅವತ್ತು ಯಾವ ಕೇಸಿಗೆ ಯಾವ ಸಾಕ್ಷಿ ಬಂದಿದ್ದಾರೆಂದು ಹೇಳುತ್ತಾರೆ. ಮೊದಲ ಬಸ್ಸಿಗೆ ಊರು ಬಿಟ್ಟು ಬಂದ ನಾಲ್ಕಾರು ಜನ ಸಮನ್ಸ್ ಹಿಡಿದು ಬಾಗಿಲಲ್ಲಿ ನಿಂತಿರುತ್ತಾರೆ.

ನಾನು ಕೆಲಸಕ್ಕೆ ಸೇರಿದ ಮೊದಲ ವಾರ ಹಾಗೆ ನಿಂತಿದ್ದವರಲ್ಲಿ ಒಬ್ಬ ಹೆಂಗಸು ಒಳಗೆ ಇಣುಕಿ ಕೇಳಿದಳು: "ಸ್ವಾಮಿ, ಅವ್ರ ಕಡೆಗೆ ಇಬ್ರು ಲಾಯರು ಬಂದವ್ರೆ. ನಮ್ ಕಡೆಗೆ ಯಾರೂ ಇಲ್ವಾ?" ಗದ್ದೆಯ ಬದುವಿನ ಜಗಳದಲ್ಲಿ ಅವಳ ಗಂಡನಿಗೆ ಕುಡುಗೋಲಿನ ಪೆಟ್ಟು ಬಿದ್ದ ಕೇಸು ಅದು. "ನಾನೇ ಕಣಮ್ಮ ನಿಮ್ಮ ಲಾಯರು" ಎಂದೆ. ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿ, "ನೀವು ಪೊಲೀಸ್ನೋರ ಲಾಯರು ಅಲ್ವಾ?" ಎಂದಳು.

ಅವಳಿಗೆ ಸರಿಯಾದ ಉತ್ತರ ಕೊಡಲು ನನಗೆ ಬಹಳ ವರ್ಷ ಹಿಡಿಯಿತು. ಆ ವರ್ಷಗಳಲ್ಲಿ ನಾನು ಮಾಡಿದ ಒಂದು ತಪ್ಪನ್ನೂ, ನನಗಿಂತ ಎಷ್ಟೋ ದೊಡ್ಡ ವಕೀಲರೊಬ್ಬರ ವೃತ್ತಿಜೀವನದಿಂದ ಕಲಿತ ಒಂದು ಪಾಠವನ್ನೂ ನಿಮ್ಮ ಮುಂದಿಡಬೇಕೆಂದು ಈ ಪತ್ರ ಬರೆಯುತ್ತಿದ್ದೇನೆ.

ಆ ಹೆಂಗಸಿನ ಅನುಮಾನಕ್ಕೆ ಆಧಾರವಿತ್ತು. 1973ರ ದಂಡ ಪ್ರಕ್ರಿಯಾ ಸಂಹಿತೆ ಬರುವ ಮುಂಚೆ ದೇಶದ ಬಹುಪಾಲು ಮ್ಯಾಜಿಸ್ಟ್ರೇಟ್ ಕೋರ್ಟುಗಳಲ್ಲಿ ಪ್ರಾಸಿಕ್ಯೂಷನ್ ನಡೆಸುತ್ತಿದ್ದವರು ಪೊಲೀಸ್ ಅಧಿಕಾರಿಗಳೇ. ಆರೋಪಿಯನ್ನು ಹಿಡಿದ ಇಲಾಖೆಯೇ ಅವನ ವಿರುದ್ಧ ವಾದವನ್ನೂ ಮಾಡುತ್ತಿತ್ತು. ಇವೆರಡನ್ನು ಬೇರೆ ಮಾಡಿ ಎಂದು ಕಾನೂನು ಆಯೋಗ 1958ರಲ್ಲೇ ತನ್ನ 14ನೇ ವರದಿಯಲ್ಲಿ ಹೇಳಿತ್ತು. 1973ರ ಸಂಹಿತೆಯ 25ನೇ ಕಲಂ ಪೊಲೀಸ್ ಅಧಿಕಾರಿಯನ್ನು ಎ.ಪಿ.ಪಿ. ಹುದ್ದೆಯಿಂದ ಹೊರಗಿಟ್ಟಿತು. ಆದರೂ ಹಳೆಯ ರೂಢಿ ಒಂದೇ ಏಟಿಗೆ ಹೋಗಲಿಲ್ಲ. ಪ್ರಾಸಿಕ್ಯೂಟರುಗಳನ್ನು ಪೊಲೀಸ್ ಇಲಾಖೆಯ ಹಿಡಿತದಿಂದ ಬಿಡಿಸಿ ಪ್ರತ್ಯೇಕ ವ್ಯವಸ್ಥೆಗೆ ತನ್ನಿ ಎಂದು 1995ರಷ್ಟು ಈಚೆಗೆ ಸುಪ್ರೀಂ ಕೋರ್ಟ್ ಮಹಾರಾಷ್ಟ್ರ ಸರ್ಕಾರಕ್ಕೆ ಹೇಳಬೇಕಾಯಿತು. 2024ರ ಜುಲೈ 1ರಿಂದ ಜಾರಿಗೆ ಬಂದಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ನಿಮ್ಮ ಹುದ್ದೆ 19ನೇ ಕಲಮಿನಲ್ಲಿದೆ, ನಿಮ್ಮ ನಿರ್ದೇಶನಾಲಯ 20ನೇ ಕಲಮಿನಲ್ಲಿ. ಕಾಗದದ ಮೇಲೆ ನೀವು ಪೊಲೀಸರಿಂದ ಸಂಪೂರ್ಣ ಬೇರೆ. ಕೋಣೆಯಲ್ಲಿ ಮಾತ್ರ ದಿನವಿಡೀ ನಿಮ್ಮ ಪಕ್ಕದಲ್ಲಿ ಇರುವವರು ಅವರೇ. ಕಡತ ತರುವವರು, ಸಾಕ್ಷಿಯನ್ನು ಕರೆತರುವವರು, ಟೀ ತರಿಸುವವರು ಅವರೇ. ಅವರಲ್ಲಿ ಒಳ್ಳೆಯವರು ಬಹಳ ಮಂದಿ, ಅವರೊಡನೆ ಸ್ನೇಹ ಬೆಳೆಯುತ್ತದೆ, ಬೆಳೆಯಲಿ. ಸ್ನೇಹಿತ ತಂದುಕೊಟ್ಟ ಕಡತವನ್ನು ಅನುಮಾನದಿಂದ ಓದುವುದು ಕಷ್ಟದ ಕೆಲಸ. ನಾನು ಎಡವಿದ್ದು ಅಲ್ಲಿಯೇ.

ಬಯಲುಸೀಮೆಯ ಒಂದು ತಾಲ್ಲೂಕು. ಪಂಪ್‌ಸೆಟ್ ಕಳವಿನ ಸಣ್ಣ ಕೇಸು. ಆರೋಪಿ ಇಪ್ಪತ್ತೆರಡು ಇಪ್ಪತ್ಮೂರರ ಹುಡುಗ, ಮೇಲೆ ಹಳೆಯ ಎರಡು ಕಳವು ಕೇಸುಗಳಿದ್ದವು. ಮಹಜರಿನ ಪಂಚರು ಚೆನ್ನಾಗಿ ಸಾಕ್ಷಿ ನುಡಿದರು, ತನಿಖಾಧಿಕಾರಿ ಇನ್ನೂ ಚೆನ್ನಾಗಿ ನುಡಿದರು. ಕಾನೂನು ನೆರವಿನಿಂದ ಅವನಿಗೆ ಸಿಕ್ಕಿದ್ದ ವಕೀಲರು ಹೊಸಬರು. ವಾದ ಮುಗಿಯಿತು, ತೀರ್ಪಿಗೆ ದಿನ ಗೊತ್ತಾಯಿತು. ಅವತ್ತು ಸಂಜೆ ಕಡತ ಕಟ್ಟಿಡುವಾಗ ರಿಮ್ಯಾಂಡ್ ಅರ್ಜಿಗೆ ಲಗತ್ತಿಸಿದ್ದ ಒಂದು ಹಾಳೆ ಕಣ್ಣಿಗೆ ಬಿತ್ತು. ಅದು ಅವನ ಹಿಂದಿನ ಪ್ರಕರಣಗಳ ಪಟ್ಟಿ. ಪಕ್ಕದ ತಾಲ್ಲೂಕಿನ ಕೇಸಿನಲ್ಲಿ ಅವನನ್ನು ದಸ್ತಗಿರಿ ಮಾಡಿದ ತಾರೀಕು, ಜಾಮೀನಿನ ಮೇಲೆ ಬಿಟ್ಟ ತಾರೀಕು ಎರಡೂ ಅದರಲ್ಲಿದ್ದವು. ನಮ್ಮ ಪಂಪ್‌ಸೆಟ್ ಕಳುವಾದ ರಾತ್ರಿ ಆ ಎರಡು ತಾರೀಕುಗಳ ನಡುವೆ ಬರುತ್ತಿತ್ತು. ಅಂದು ರಾತ್ರಿ ಅವನು ಜೈಲಿನಲ್ಲಿದ್ದ.

ತಾರೀಕು ಬರೆಯುವಾಗ ಯಾರೋ ತಪ್ಪಿರಬಹುದು ಎಂದುಕೊಂಡೆ. ಅವನ ವಕೀಲರು ನೋಡಿಕೊಳ್ಳಬೇಕಿತ್ತು ಎಂದುಕೊಂಡೆ. ನಾಳೆ ವಿಚಾರಿಸೋಣ ಎಂದುಕೊಂಡೆ. ಮರುದಿನ ಹದಿನೆಂಟು ಕೇಸುಗಳಿದ್ದವು, ವಿಚಾರಿಸಲಿಲ್ಲ. ಹುಡುಗನಿಗೆ ಶಿಕ್ಷೆಯಾಯಿತು. ಮೇಲ್ಮನವಿಯಲ್ಲಿ ಸೆಷನ್ಸ್ ನ್ಯಾಯಾಲಯ ಆ ಹಾಳೆಯನ್ನೇ ಎತ್ತಿಹಿಡಿದು ಅವನನ್ನು ಬಿಡುಗಡೆ ಮಾಡುವ ಹೊತ್ತಿಗೆ ಎಂಟು ತಿಂಗಳಾಗಿತ್ತು. ಅಷ್ಟೂ ಕಾಲ ಅವನು ಒಳಗಿದ್ದ, ಜಾಮೀನಿಗೆ ನಿಲ್ಲುವವರು ಅವನಿಗೆ ಯಾರೂ ಇರಲಿಲ್ಲ.

ನಿರಪರಾಧಿಗೆ ಶಿಕ್ಷೆಯಾಗುವಂತೆ ಪ್ರಾಸಿಕ್ಯೂಷನ್ ನಡೆಸಬಾರದು, ಆರೋಪಿಯ ನಿರ್ದೋಷವನ್ನು ತೋರಿಸಬಲ್ಲ ಸಂಗತಿಯನ್ನು ಬಚ್ಚಿಡಬಾರದು ಎಂದು ಭಾರತೀಯ ವಕೀಲರ ಪರಿಷತ್ತಿನ ನಿಯಮಗಳೇ ಹೇಳುತ್ತವೆ. ಆ ನಿಯಮ ನನಗೆ ಬಾಯಿಪಾಠವಾಗಿತ್ತು, ಸಂದರ್ಶನದಲ್ಲಿ ಹೇಳಿ ಅಂಕವನ್ನೂ ಪಡೆದಿದ್ದೆ. ಆ ಸಂಜೆ ನನ್ನ ಬಾಯಿ ಕಟ್ಟಿದವರು ಯಾರೂ ಇಲ್ಲ. ಯಾವ ಮಂತ್ರಿಯೂ ಫೋನ್ ಮಾಡಿರಲಿಲ್ಲ, ಯಾವ ಅಧಿಕಾರಿಯೂ ಹೆದರಿಸಿರಲಿಲ್ಲ. ಪ್ರಾಸಿಕ್ಯೂಟರನ ಸ್ವಾತಂತ್ರ್ಯವನ್ನು ಬೇರೆ ಯಾರೋ ಕಿತ್ತುಕೊಳ್ಳುತ್ತಾರೆಂದು ನಾವು ಮಾತಾಡುತ್ತೇವೆ, ಕಿತ್ತುಕೊಳ್ಳುವುದೂ ಉಂಟು. ನಾನು ಮಾತ್ರ ಅದನ್ನು ಕಡತ ತಡವಾಗಿ ಓದಿ, ಓದಿದ್ದನ್ನು ಹೇಳದೆ ಕಳೆದುಕೊಂಡೆ.

ಈಗ ನಾನು ಆಗಲೇ ಹೇಳಿದ ದೊಡ್ಡ ವಕೀಲರ, ಬಿ.ವಿ. ಆಚಾರ್ಯರ ವಿಷಯಕ್ಕೆ ಬರುತ್ತೇನೆ. ಉಡುಪಿ ಸೀಮೆಯ ಬೆಳ್ಳೆಯವರು, ಬೆಳ್ಳೆ ವಿಠಲ ಆಚಾರ್ಯ. ಕರ್ನಾಟಕದ ಅಡ್ವೊಕೇಟ್ ಜನರಲ್ ಆಗಿ ಐದು ಬಾರಿ ಕೆಲಸ ಮಾಡಿದವರು. ಸಂವಿಧಾನದ 165ನೇ ವಿಧಿ ಕೊಟ್ಟ ಸ್ಥಾನ ಅದು, ರಾಜ್ಯದಲ್ಲಿ ಸರ್ಕಾರಿ ವಕೀಲನೊಬ್ಬ ಏರಬಹುದಾದ ಕೊನೆಯ ಮೆಟ್ಟಿಲು. ನಿಮ್ಮ ಮೆಟ್ಟಿಲುಗಳು ಬೇರೆ: ಎ.ಪಿ.ಪಿ., ಹಿರಿಯ ಎ.ಪಿ.ಪಿ., ಪಬ್ಲಿಕ್ ಪ್ರಾಸಿಕ್ಯೂಟರ್, ಹೀಗೆ ಪರೀಕ್ಷೆ ಬಡ್ತಿಗಳ ದಾರಿ. ಅಡ್ವೊಕೇಟ್ ಜನರಲ್‌ರದು ಸರ್ಕಾರದ ವಿಶ್ವಾಸದ ಮೇಲೆ ನಿಂತ ದಾರಿ, ಸರ್ಕಾರ ಬದಲಾದರೆ ಕುರ್ಚಿ ಬದಲಾಗುತ್ತದೆ. ಹೀಗಿದ್ದೂ ಅವರ ಹೆಸರು ದೇಶಕ್ಕೆ ಪರಿಚಯವಾದದ್ದು ನಿಮ್ಮಂತೆ ಪ್ರಾಸಿಕ್ಯೂಟರ್ ಆಗಿ ನಡೆಸಿದ ಒಂದು ಕೇಸಿನಿಂದ.

ತಮಿಳುನಾಡಿನ ಮುಖ್ಯಮಂತ್ರಿಯಾಗಿದ್ದ ಜಯಲಲಿತಾ ಅವರು 1991ರಿಂದ 1996ರವರೆಗಿನ ಅವಧಿಯಲ್ಲಿ ಆದಾಯ ಮೀರಿ ಆಸ್ತಿ ಗಳಿಸಿದ್ದಾರೆಂಬ ಪ್ರಕರಣ ನಿಮಗೆಲ್ಲ ಗೊತ್ತು. ಅದು ಬೆಂಗಳೂರಿಗೆ ಏಕೆ ಬಂತು ಎಂಬುದನ್ನು ಮಾತ್ರ ಪ್ರಾಸಿಕ್ಯೂಟರುಗಳಾದ ನಾವು ಇನ್ನೊಮ್ಮೆ ಓದಬೇಕು. 2001ರಲ್ಲಿ ಅವರು ಮತ್ತೆ ಅಧಿಕಾರಕ್ಕೆ ಬಂದ ಮೇಲೆ, ಚೆನ್ನೈನಲ್ಲಿ ಅದಾಗಲೇ ಸಾಕ್ಷಿ ಹೇಳಿ ಹೋಗಿದ್ದ 76 ಮಂದಿಯನ್ನು ಪಾಟೀ ಸವಾಲಿಗೆ ಮತ್ತೆ ಕರೆಸಲಾಯಿತು. ಅವರಲ್ಲಿ 64 ಮಂದಿ ಮೊದಲು ಹೇಳಿದ್ದರಿಂದ ಹಿಂದೆ ಸರಿದರು. ಪ್ರಾಸಿಕ್ಯೂಟರು ಅದನ್ನು ತಡೆಯಲಿಲ್ಲ, ಅವರನ್ನು ಪ್ರತಿಕೂಲ ಸಾಕ್ಷಿಗಳೆಂದು ಘೋಷಿಸಿ ಪ್ರಶ್ನಿಸಲೂ ಇಲ್ಲ. 2003ರ ನವೆಂಬರ್ 18ರಂದು ಸುಪ್ರೀಂ ಕೋರ್ಟ್ ಕೇಸನ್ನು ಕರ್ನಾಟಕಕ್ಕೆ ವರ್ಗಾಯಿಸಿದಾಗ ಕೊಟ್ಟ ಕಾರಣಗಳಲ್ಲಿ ಈ ಮೌನವೂ ಒಂದು. ಕರ್ನಾಟಕ ಸರ್ಕಾರ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಗಳೊಡನೆ ಸಮಾಲೋಚಿಸಿ, ಅಪರಾಧ ಪ್ರಕರಣಗಳಲ್ಲಿ ಪಳಗಿದ ಹಿರಿಯ ವಕೀಲರೊಬ್ಬರನ್ನು ನೇಮಿಸಬೇಕೆಂದೂ ಅದು ಹೇಳಿತು. 2005ರಲ್ಲಿ ಆಚಾರ್ಯರು ವಿಶೇಷ ಸರ್ಕಾರಿ ಅಭಿಯೋಜಕರಾಗಿ ಬಂದದ್ದು ಹೀಗೆ. ಆಗವರು ಎಪ್ಪತ್ತರ ವಯಸ್ಸಿನವರು.

ಬಂದ ಕಡತ ತಮಿಳಿನಲ್ಲಿತ್ತು. ಸಾವಿರಾರು ಪುಟ ಅನುವಾದವಾಗಬೇಕಿತ್ತು. ಪ್ರಾಸಿಕ್ಯೂಷನ್ ಕಡೆಯ ಸಾಕ್ಷಿಗಳೇ 259 ಮಂದಿ. ಅರ್ಜಿಯ ಮೇಲೆ ಅರ್ಜಿ, ಒಂದೊಂದೂ ಹೈಕೋರ್ಟಿಗೆ, ಅಲ್ಲಿಂದ ದೆಹಲಿಗೆ. ಪರಪ್ಪನ ಅಗ್ರಹಾರದ ವಿಶೇಷ ನ್ಯಾಯಾಲಯದಲ್ಲಿ 2011ರ ಅಕ್ಟೋಬರ್ ಮತ್ತು ನವೆಂಬರ್‌ನಲ್ಲಿ ಜಯಲಲಿತಾ ಅವರು ಖುದ್ದಾಗಿ ಹಾಜರಾಗಿ 1,339 ಪ್ರಶ್ನೆಗಳಿಗೆ ಉತ್ತರ ಕೊಟ್ಟರು. ಅಷ್ಟು ಪ್ರಶ್ನೆಗಳು ಸಿದ್ಧವಾಗಲು ಕಡತದ ಪ್ರತಿ ಹಾಳೆಯನ್ನೂ ಯಾರೋ ಕೂತು ಓದಿರಬೇಕಲ್ಲ? ಪತ್ರಿಕೆಗಳು ಮುಖ್ಯಮಂತ್ರಿ ಬಂದಿಳಿದದ್ದನ್ನೂ ಭದ್ರತೆಯನ್ನೂ ಬರೆದವು. ನನ್ನ ಮನಸ್ಸು ಆ ಪ್ರಶ್ನೆಪಟ್ಟಿಯ ಹಿಂದಿನ ಕೆಲಸದ ಕಡೆಗೇ ಹೋಗುತ್ತಿತ್ತು.

ಆ ಹೊತ್ತಿಗೆ ಆಚಾರ್ಯರು ಮತ್ತೆ ಅಡ್ವೊಕೇಟ್ ಜನರಲ್ ಕೂಡ ಆಗಿದ್ದರು. ಎರಡು ಹುದ್ದೆ ಒಬ್ಬರಲ್ಲೇ ಇರಬಹುದೇ ಎಂಬ ಪ್ರಶ್ನೆ ಎದ್ದಿತು, ಒಂದನ್ನು ಬಿಡಬೇಕಾಗಿ ಬಂತು. 2012ರ ಫೆಬ್ರವರಿಯಲ್ಲಿ ಅವರು ಅಡ್ವೊಕೇಟ್ ಜನರಲ್ ಹುದ್ದೆಗೆ ರಾಜೀನಾಮೆ ಕೊಟ್ಟು ಕೇಸನ್ನು ಉಳಿಸಿಕೊಂಡರು. ಇಡೀ ರಾಜ್ಯದ ಪರವಾಗಿ ನಿಲ್ಲುವ ಸಂವಿಧಾನದ ಸ್ಥಾನವನ್ನು ಬಿಟ್ಟು, ಮುಗಿಯದ ಒಂದೇ ಒಂದು ಕಡತವನ್ನು ಹಿಡಿದುಕೊಂಡರು. ಸುದ್ದಿ ಓದಿದ ದಿನ ನಾನು ಜಿಲ್ಲಾ ಕೋರ್ಟಿನ ನನ್ನ ಕೋಣೆಯಲ್ಲಿದ್ದೆ. ನಾವು ಮಾಡುವ ಕೆಲಸದ ಬೆಲೆಯನ್ನು ಅಷ್ಟು ಸ್ಪಷ್ಟವಾಗಿ ಯಾರೂ ಹೇಳಿದ್ದು ನನಗೆ ನೆನಪಿಲ್ಲ.

ಆರು ತಿಂಗಳಲ್ಲೇ, ಅದೇ ವರ್ಷದ ಆಗಸ್ಟ್‌ನಲ್ಲಿ, ಅವರು ಕೇಸನ್ನೂ ಬಿಟ್ಟರು. ತಮ್ಮ ಮೇಲಿದ್ದ ಒತ್ತಡವನ್ನು ಅವರು ಬಹಿರಂಗವಾಗಿಯೇ ಹೇಳಿದ್ದಾರೆ. ಆ ಎರಡನೆಯ ರಾಜೀನಾಮೆ ನನಗೆ ಇಂದಿಗೂ ನೋವು. ಅವರಂಥವರೇ ನಿಲ್ಲಲಾಗಲಿಲ್ಲವೆಂದರೆ ತಾಲ್ಲೂಕಿನಲ್ಲಿ ಒಂಟಿಯಾಗಿ ಕೂತ ಎ.ಪಿ.ಪಿ.ಯ ಗತಿ ಏನು ಎಂದು ಅಂದು ಅನ್ನಿಸಿತ್ತು. ಅವರನ್ನು ತಪ್ಪೆನ್ನಲು ಮಾತ್ರ ನನಗೆ ಬಾಯಿ ಬರುವುದಿಲ್ಲ. ಎಪ್ಪತ್ತೆಂಟರ ಆಸುಪಾಸಿನ ಮನುಷ್ಯ ಏಳು ವರ್ಷ ಹೊತ್ತ ಭಾರವದು.

ಕಥೆ ಅಲ್ಲಿಗೆ ಮುಗಿಯಲಿಲ್ಲ. 2014ರ ಸೆಪ್ಟೆಂಬರ್ 27ರಂದು ವಿಶೇಷ ನ್ಯಾಯಾಧೀಶ ಜಾನ್ ಮೈಕೆಲ್ ಡಿ'ಕುನ್ಹ ಅವರು ಜಯಲಲಿತಾ ಸೇರಿ ನಾಲ್ವರು ಆರೋಪಿಗಳಿಗೂ ನಾಲ್ಕು ವರ್ಷದ ಶಿಕ್ಷೆ ವಿಧಿಸಿದರು. ಮೇಲ್ಮನವಿ ಕರ್ನಾಟಕ ಹೈಕೋರ್ಟಿಗೆ ಬಂತು. ಅಲ್ಲಿ ಹಾಜರಾಗಿದ್ದ ಅಭಿಯೋಜಕರ ನೇಮಕ ತಮಿಳುನಾಡಿನಿಂದ ಆಗಿದ್ದು ಕಾನೂನಿಗೆ ಒಪ್ಪದ್ದು, ಪ್ರಾಸಿಕ್ಯೂಷನ್ ನಡೆಸುವ ಹಕ್ಕು ಕರ್ನಾಟಕಕ್ಕೆ ಮಾತ್ರ ಇದೆ ಎಂದು 2015ರ ಏಪ್ರಿಲ್ 27ರಂದು ಸುಪ್ರೀಂ ಕೋರ್ಟ್ ಹೇಳಿತು. ವಾದ ಮತ್ತೆ ಕೇಳಬೇಕಾಗಿಲ್ಲ, ಲಿಖಿತ ವಾದ ಸಲ್ಲಿಸಬಹುದು, ಅದೂ ಮರುದಿನದೊಳಗೆ ಎಂದಿತು. ರಾಜ್ಯ ಸರ್ಕಾರ ಮತ್ತೆ ಆಚಾರ್ಯರನ್ನೇ ಕರೆಯಿತು. ಮೂರು ವರ್ಷದ ಹಿಂದೆ ಬಿಟ್ಟ ಕಡತಕ್ಕೆ ಎಂಬತ್ತರ ಹಿರಿಯರು ಒಂದೇ ದಿನದಲ್ಲಿ 18 ಪುಟಗಳ ವಾದ ಬರೆದು ಸಲ್ಲಿಸಿದರು. ಅವರ ಆತ್ಮಕಥೆಯ ಹೆಸರಿನ ಅರ್ಥ 'ಎಲ್ಲವೂ ನೆನಪಿನಿಂದಲೇ' ಎಂದಾಗುತ್ತದೆ. ಆ ದಿನವನ್ನು ನೆನೆದರೆ ಆ ಹೆಸರು ಸುಮ್ಮನೆ ಇಟ್ಟದ್ದಲ್ಲವೆಂದು ತೋರುತ್ತದೆ.

ಮೇ 11ರಂದು ಹೈಕೋರ್ಟ್ ಎಲ್ಲರನ್ನೂ ಖುಲಾಸೆ ಮಾಡಿತು. ಆಸ್ತಿ ಆದಾಯಕ್ಕಿಂತ ಹೆಚ್ಚಿರುವುದು ಶೇಕಡ 8.12ರಷ್ಟು ಮಾತ್ರ, 1977ರ ಕೃಷ್ಣಾನಂದ ಅಗ್ನಿಹೋತ್ರಿ ತೀರ್ಪಿನ ಪ್ರಕಾರ ಶೇಕಡ 10ರವರೆಗೆ ವಿನಾಯಿತಿ ಉಂಟು ಎಂಬುದು ಅದರ ತರ್ಕ. ಆದಾಯದಲ್ಲಿ ಸಾಲಗಳನ್ನೂ ಸೇರಿಸಲಾಗಿತ್ತು. ತೀರ್ಪಿನ ಪಟ್ಟಿಯಲ್ಲಿ ಸಾಲಗಳ ಮೊತ್ತ 24,17,31,274 ರೂಪಾಯಿ ಎಂದಿತ್ತು. ಆ ಪಟ್ಟಿಯಲ್ಲಿದ್ದ ಅಂಕಿಗಳನ್ನು ಕೂಡಿಸಿದರೆ ಬರುವುದು 10,67,31,274. ಹದಿಮೂರೂವರೆ ಕೋಟಿ ಹೆಚ್ಚು! ಆ ಒಂದು ಮೊತ್ತ ಸರಿಪಡಿಸಿದರೆ ಶೇಕಡ 8 ಇದ್ದದ್ದು 76ಕ್ಕೆ ಏರುತ್ತದೆ. ಇದನ್ನು ಎತ್ತಿ ತೋರಿಸಿದವರು ಆಚಾರ್ಯರು. ಇದಕ್ಕೆ ಯಾವ ಕಾನೂನಿನ ಪುಸ್ತಕವೂ ಬೇಕಿರಲಿಲ್ಲ, ಯಾವ ತೀರ್ಪಿನ ಉಲ್ಲೇಖವೂ ಬೇಕಿರಲಿಲ್ಲ. ನಾಲ್ಕನೇ ಕ್ಲಾಸಿನ ಮಗು ಮಾಡುವ ಕೂಡುವ ಲೆಕ್ಕ. ಮೊತ್ತವನ್ನು ಬರೆದವರು ಹೈಕೋರ್ಟಾದರೂ ಕೂಡಿಸಿ ನೋಡುವ ಅಭ್ಯಾಸವೊಂದು ಬೇಕಿತ್ತು.

ಕರ್ನಾಟಕ ಮೇಲ್ಮನವಿ ಹೋಯಿತು. 2017ರ ಫೆಬ್ರವರಿ 14ರಂದು ನ್ಯಾಯಮೂರ್ತಿ ಪಿನಾಕಿ ಚಂದ್ರ ಘೋಷ್ ಮತ್ತು ಅಮಿತಾವ ರಾಯ್ ಅವರ ಪೀಠ ವಿಚಾರಣಾ ನ್ಯಾಯಾಲಯದ ತೀರ್ಪನ್ನು ಎತ್ತಿಹಿಡಿಯಿತು. ಅದಕ್ಕೆ ಎರಡು ತಿಂಗಳ ಮುಂಚೆ ಜಯಲಲಿತಾ ತೀರಿಕೊಂಡಿದ್ದರು. ಉಳಿದ ಮೂವರು ಪರಪ್ಪನ ಅಗ್ರಹಾರಕ್ಕೆ ಬಂದರು. ಬಲಶಾಲಿಗಳಿಗೆ ಶಿಕ್ಷೆಯಾಯಿತೆಂಬ ಸಂತೋಷಕ್ಕೆ ನಾನಿದನ್ನು ಬರೆಯುತ್ತಿಲ್ಲ. ಅವರಿಗೂ ಸಮರ್ಥ ವಕೀಲರಿದ್ದರು, ಇರಬೇಕು. ನನ್ನ ಪಂಪ್‌ಸೆಟ್ ಹುಡುಗನ ಕಡತದಲ್ಲಿ ಎರಡು ತಾರೀಕುಗಳಿದ್ದವು, ಇವರ ತೀರ್ಪಿನಲ್ಲಿ ಒಂದು ಮೊತ್ತವಿತ್ತು. ಎರಡೂ ಕಣ್ಣೆದುರಿಗೇ ಇದ್ದವು. ಒಬ್ಬರು ಕೂಡಿಸಿ ನೋಡಿ ಗಟ್ಟಿಯಾಗಿ ಹೇಳಿದರು. ನಾನು ನೋಡಿಯೂ ಸುಮ್ಮನಾದೆ.

ಒತ್ತಡದ ಬಗ್ಗೆಯೂ ಒಂದು ಮಾತು ಹೇಳಬೇಕು, ಏಕೆಂದರೆ ಅದು ನಿಮ್ಮನ್ನು ಹುಡುಕಿಕೊಂಡು ಬಂದೇ ಬರುತ್ತದೆ. ಬಹುಮಟ್ಟಿಗೆ ಅದು ಕೇಸು ಹಿಂದಕ್ಕೆ ಪಡೆಯುವ ರೂಪದಲ್ಲಿ ಬರುತ್ತದೆ. ಹಳೆಯ ಸಂಹಿತೆಯ 321ನೇ ಕಲಂ, ಈಗಿನ 360. ಕಲಮನ್ನು ನಿಧಾನವಾಗಿ ಓದಿ. ಕೇಸಿನಿಂದ ಹಿಂದೆ ಸರಿಯುವವನು ಪ್ರಾಸಿಕ್ಯೂಟರ್, ಒಪ್ಪಿಗೆ ಕೊಡುವುದು ಕೋರ್ಟು. ಸರ್ಕಾರ ಸಲಹೆ ಕೊಡಬಹುದು, ಆದರೆ ಅರ್ಜಿಗೆ ಸಹಿ ಹಾಕುವ ಮನಸ್ಸು ನಿಮ್ಮದೇ ಆಗಿರಬೇಕು. ಹೊಸ ಸಂಹಿತೆ ಇದಕ್ಕೆ ಒಂದು ಒಳ್ಳೆಯದನ್ನು ಸೇರಿಸಿದೆ: ನೊಂದವರ ಮಾತು ಕೇಳದೆ ಕೋರ್ಟು ಒಪ್ಪಿಗೆ ಕೊಡುವಂತಿಲ್ಲ. ಕೇರಳ ವಿಧಾನಸಭೆಯೊಳಗೆ 2015ರಲ್ಲಿ ನಡೆದ ದಾಂಧಲೆಯ ಕೇಸನ್ನು ಹಿಂಪಡೆಯಲು ಹೊರಟಾಗ 2021ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಅದೇ ವರ್ಷ, ಶಾಸಕರು ಸಂಸದರ ಮೇಲಿನ ಕೇಸುಗಳನ್ನು ಹೈಕೋರ್ಟಿನ ಅನುಮತಿ ಇಲ್ಲದೆ ಹಿಂಪಡೆಯಬಾರದೆಂದಿತು. ನಮ್ಮಲ್ಲೂ 2024ರ ಅಕ್ಟೋಬರ್‌ನಲ್ಲಿ ಸರ್ಕಾರ 43 ಪ್ರಕರಣಗಳನ್ನು ಹಿಂಪಡೆಯಲು ಹೊರಡಿಸಿದ ಆದೇಶವನ್ನು 2025ರ ಮೇ ತಿಂಗಳಲ್ಲಿ ಹೈಕೋರ್ಟ್ ರದ್ದು ಮಾಡಿತು. ಇದರಲ್ಲಿ ಈ ಪಕ್ಷ ಆ ಪಕ್ಷ ಎಂಬುದಿಲ್ಲ, ಅಧಿಕಾರದಲ್ಲಿದ್ದ ಎಲ್ಲರೂ ಮಾಡಿದ್ದಾರೆ. ಪಟ್ಟಿ ಮೇಲಿನಿಂದ ಬಂದಾಗ ಕೆಳಗಿರುವ ಪ್ರಾಸಿಕ್ಯೂಟರ್ ಕಡತ ತೆರೆದಿದ್ದನೇ, ಓದಿದ್ದನೇ ಎಂಬುದಷ್ಟೇ ನನ್ನ ಪ್ರಶ್ನೆ. ಓದಿದವನಿಗೆ "ಇದು ಹಿಂಪಡೆಯುವ ಕೇಸಲ್ಲ ಸಾರ್, ಕಾರಣ ಇಂತಿಂಥದ್ದು" ಎಂದು ಲಿಖಿತವಾಗಿ ಹೇಳುವ ಧೈರ್ಯ ತಾನಾಗಿ ಬರುತ್ತದೆ. ಓದದವನು ಎಷ್ಟೇ ಪ್ರಾಮಾಣಿಕನಾದರೂ ಏನು ಹೇಳಿಯಾನು?

ವಡೋದರದ ಬೆಸ್ಟ್ ಬೇಕರಿ ಪ್ರಕರಣದ 2004ರ ತೀರ್ಪನ್ನೂ ಒಮ್ಮೆ ಓದಿ. ಪ್ರಾಸಿಕ್ಯೂಟರೇ ಆರೋಪಿಗಳ ಪರ ವಕೀಲನಂತೆ ನಡೆದುಕೊಂಡರೆಂದು ಸುಪ್ರೀಂ ಕೋರ್ಟ್ ಅಲ್ಲಿ ಬರೆದಿದೆ. ಒಬ್ಬ ಸರ್ಕಾರಿ ವಕೀಲನ ಬಗ್ಗೆ ಬರೆಯಬಹುದಾದ ಅದಕ್ಕಿಂತ ಕೆಟ್ಟ ವಾಕ್ಯ ನನಗೆ ಗೊತ್ತಿಲ್ಲ.

ಕುಡುಗೋಲಿನ ಕೇಸಿನ ಆ ಹೆಂಗಸು ಐದು ಬಾರಿ ಕೋರ್ಟಿಗೆ ಬಂದಳು. ಒಮ್ಮೆ ನ್ಯಾಯಾಧೀಶರು ರಜೆ, ಒಮ್ಮೆ ಆರೋಪಿ ಗೈರು, ಒಮ್ಮೆ ಅವರ ವಕೀಲರು ಸಮಯ ಕೇಳಿದರು, ಇನ್ನೊಮ್ಮೆ ನನ್ನದೇ ತಪ್ಪು, ಗಾಯದ ಪ್ರಮಾಣಪತ್ರ ತರಿಸಿರಲಿಲ್ಲ. ಐದನೆಯ ಸಲ ಕಟಕಟೆ ಹತ್ತಿ "ಕತ್ತಲಲ್ಲಿ ಯಾರು ಹೊಡೆದ್ರೋ ನಾ ಕಾಣೆ" ಎಂದಳು. ನಾನು ಪ್ರತಿಕೂಲ ಸಾಕ್ಷಿಯೆಂದು ಘೋಷಿಸಿ, ಪೊಲೀಸರ ಮುಂದೆ ಕೊಟ್ಟ ಹೇಳಿಕೆ ತೋರಿಸಿ ಪ್ರಶ್ನೆ ಹಾಕಿದೆ. ಅವಳು ತಲೆ ತಗ್ಗಿಸಿ ಇಲ್ಲ ಇಲ್ಲ ಎಂದಳು. ಸಂಜೆ ಬಸ್ ನಿಲ್ದಾಣದಲ್ಲಿ ಸಿಕ್ಕಾಗ, "ಐದು ದಿನದ ಕೂಲಿ ಹೋಯ್ತು ಸ್ವಾಮಿ. ಊರಲ್ಲಿ ಅವ್ರ ಮುಂದೇನೇ ಬಾಳ್ಬೇಕು" ಎಂದಳು. ಆಣೆ ಮಾಡಿ ಸುಳ್ಳು ನುಡಿದವಳ ಮೇಲೆ ನನಗೆ ಕೋಪ ಬರಲಿಲ್ಲ. ನಾಲ್ಕು ಸಲವೂ ಅವಳು ಬಾಗಿಲ ಹೊರಗೆ ಆರೋಪಿಗಳ ಪಕ್ಕದಲ್ಲೇ ಇಡೀ ದಿನ ನಿಂತಿದ್ದಳು. ಏನು ಮಾತಾಡಿಕೊಂಡರೋ, ಯಾರು ಹೆದರಿಸಿದರೋ, ನಾನು ಒಮ್ಮೆಯೂ ಹೊರಗೆ ಬಂದು ನೋಡಿರಲಿಲ್ಲ.

ಹಾಗಾಗಿ ಸಾಕ್ಷಿಯನ್ನು ಕಟಕಟೆ ಹತ್ತಿಸುವ ಮುಂಚೆ ಕೋಣೆಯೊಳಗೆ ಕೂರಿಸಿಕೊಳ್ಳಿ. ಅವರು ಕೊಟ್ಟ ಹೇಳಿಕೆಯನ್ನು ಓದಿ ಹೇಳಿ, ಅವರು ಹೇಳಿದ್ದೇ ಅದರಲ್ಲಿದೆಯೇ ಎಂದು ಕೇಳಿ. ಇಲ್ಲವೆಂದರೆ ಅದನ್ನು ಅಲ್ಲೇ ಬರೆದುಕೊಳ್ಳಿ, ಹೀಗೆ ಹೇಳು ಎಂದು ಹೇಳಿಕೊಡಬೇಡಿ. ಸಾಕ್ಷಿ ಭತ್ಯೆ ಸಿಗುತ್ತದೆಂಬುದು ಎಷ್ಟೋ ಜನಕ್ಕೆ ಗೊತ್ತೇ ಇರುವುದಿಲ್ಲ, ನೀವೇ ಅರ್ಜಿ ಬರೆಸಿ ಕೊಡಿಸಿ. ಕೇಸು ಮುಂದೆ ಹೋದರೆ ಹೊರಗೆ ಬಂದು ಮುಂದಿನ ತಾರೀಕನ್ನು ನೀವೇ ಬಾಯಿಬಿಟ್ಟು ಹೇಳಿ.

ಇನ್ನೊಂದು ಸಣ್ಣ ವಿಷಯ. ನಿಮ್ಮ ಕೋಣೆಯ ಒಳಗೆ, ಆರೋಪಿಗಳು ನಿಲ್ಲುವ ಪಡಸಾಲೆಗೆ ಕಾಣದ ಹಾಗೆ, ಸಾಕ್ಷಿಗಳಿಗೆ ಒಂದು ಬೆಂಚು ಹಾಕಿಸಿ. ಇಲಾಖೆಗೆ ಬರೆದರೆ ಬರುತ್ತದೆ, ತಡವಾಗಿ ಬರುತ್ತದೆ. ಬಸ್ ನಿಲ್ದಾಣದಲ್ಲಿ ಅವಳು ಆ ಮಾತು ಹೇಳಿದ ಮರುವಾರ ನಾನು ಅಲ್ಲಿನ ಬಡಗಿಯೊಬ್ಬರಿಂದ ಮಾಡಿಸಿದ್ದೆ, ಬೇವಿನ ಹಲಗೆಯದು, ನಾಲ್ಕು ಜನ ಕೂರಬಹುದು. ಹೋದ ವರ್ಷ ಯಾವುದೋ ಕೆಲಸಕ್ಕೆ ಆ ಕೋರ್ಟಿಗೆ ಹೋಗಿದ್ದಾಗ ಬಾಗಿಲಿಂದ ಇಣುಕಿದೆ. ಒಂದು ಕಾಲಿಗೆ ತುಂಡು ಕಟ್ಟಿಗೆ ಕೊಟ್ಟು ನಿಲ್ಲಿಸಿದ್ದಾರೆ, ಅದರ ಮೇಲೆ ಒಬ್ಬ ಮುದುಕ ಸಮನ್ಸ್ ಮಡಿಲಲ್ಲಿಟ್ಟುಕೊಂಡು ಕೂತಿದ್ದ.

ಇಂತಿ ನಿಮ್ಮ,
ನಿವೃತ್ತ ಸರ್ಕಾರಿ ಅಭಿಯೋಜಕ